ಬೆಳ್ಳಕ್ಕಿ ಏರ್‌ಲೈನ್ಸ್ ಮಾರಾಟವೂ ನನ್ನ ಮುದ್ದೆ ಊಟವೂ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬೆಳ್ಳಕ್ಕಿ ಏರ್‌ಲೈನ್ಸ್ ಮುಳುಗಿದ್ದು ನನ್ನ ಅಕ್ಕನ ಮಗಳಿಂದ ಅಲ್ಲ. ದೇವನಹಳ್ಳಿ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕುಳಿತವರು ಏನು ಬೇಕಾದರೂ ಹೇಳಿಕೊಳ್ಳಲಿ. ಅವರಲ್ಲಿ ಅರ್ಧ ಜನ ಕಾಂಪೌಂಡಿನ ಆಚೆಯಿಂದ ಬಿಟ್ಟರೆ ವಿಮಾನವನ್ನೇ ಕಂಡವರಲ್ಲ.

ನನ್ನ ಹೆಸರು ಕೆಂಪರಾಜ್. ನಲ್ಲೂರಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಕಲ್ಯಾಣ ಮಂಟಪ ಇದೆ. ಅಕ್ಕ ಮುನಿಲಕ್ಷ್ಮಮ್ಮನ ಮಗಳು ಸಿಂಚನ ಬೆಳ್ಳಕ್ಕಿಯಲ್ಲಿ ಪೈಲಟ್. ಪೈಲಟ್ ಎಂದರೆ ಕ್ಯಾಪ್ಟನ್ ಅಲ್ಲ, ಬಲಗಡೆ ಸೀಟಿನಲ್ಲಿ ಕೂರುವ ಕೋ-ಪೈಲಟ್. ಎಡಗಡೆ ಸೀಟು ಕ್ಯಾಪ್ಟನ್‌ದು. ಅದಕ್ಕೆ ಬೇಕಾದ ಪರೀಕ್ಷೆಗಳನ್ನೆಲ್ಲ ಮುಗಿಸಿ, ಇನ್ನೇನು ಭುಜದ ಮೇಲೆ ನಾಲ್ಕನೇ ಪಟ್ಟಿ ಬರಬೇಕು ಅನ್ನುವಷ್ಟರಲ್ಲಿ ಕಂಪನಿಯೇ ಮಕಾಡೆ ಮಲಗಿತು.

ಅದು ಮಲಗಿದ ಕಥೆ ಇಷ್ಟೇ. ವಿಮಾನಗಳು ಬಾಡಿಗೆಯವು, ಇಂಧನ ಸಾಲದ್ದು, ಮಾಲೀಕರ ಬಂಗಲೆ ಮಾತ್ರ ಸ್ವಂತದ್ದು. ತಿಂಗಳುಗಟ್ಟಲೆ ಸಂಬಳ ಬರದೆ ಹೋದಾಗ ಪೈಲಟ್‌ಗಳ ಯೂನಿಯನ್ನು ಇನ್ನು ಹಾರಿಸುವುದಿಲ್ಲ ಅಂದಿತು. ವಿಮಾನಗಳು ಕೆಳಗೇ ನಿಂತವು. ನಿಂತಿದ್ದೇ ತಡ, ಬಾಡಿಗೆಗೆ ಕೊಟ್ಟವರು ಬಂದು ಅರ್ಧಕ್ಕರ್ಧ ವಿಮಾನ ಬಿಡಿಸಿಕೊಂಡು ಹೋದರು, ಕಂಪನಿ ದಿವಾಳಿ ಕೋರ್ಟಿಗೆ ಹೋಯಿತು. ಪೇಪರಿನವರು ಯೂನಿಯನ್ನೇ ಮುಳುಗಿಸಿತು ಎಂದು ಬರೆದರು. ಆ ಯೂನಿಯನ್ನಿಗೆ ಕಾರ್ಯದರ್ಶಿ ಯಾರು? ನಮ್ಮ ಸಿಂಚನ. ಯೂನಿಯನ್ನಿನದು ಏನೂ ತಪ್ಪಿಲ್ಲ ಎಂದು ನಾನೂ ಹೇಳುವುದಿಲ್ಲ, ಹಟದಲ್ಲಿ ಅವರೂ ಕಮ್ಮಿಯವರಲ್ಲ. ಆದರೆ ಬೇರು ಕೊಳೆತ ಮರ ಬಿದ್ದಾಗ ಕೊನೆಗೆ ಒರಗಿ ನಿಂತವನನ್ನು ಹಿಡಿದುಕೊಂಡು ಬೈದರೆ ನನಗೆ ಕೋಪ ಬರುತ್ತದೆ.

ಆಮೇಲೆ ಒಬ್ಬ ಗಿರಾಕಿ ಸಿಕ್ಕಿದ. ಕೊಯಮತ್ತೂರಿನ ಕಡೆಯ ಸೀಲಿಂಗ್ ಫ್ಯಾನ್ ಕಂಪನಿ. ನನ್ನ ಅಡುಗೆಯವನು ಚಿಕ್ಕಬೀರಪ್ಪ ಅದನ್ನು ಕೇಳಿ, "ರೆಕ್ಕೆ ತಿರುಗ್ಸೋರೇ ಅಲ್ವಾ ಅಣ್ಣ, ನಡೆಸ್ತಾರೆ ಬಿಡಿ" ಅಂದ. ಆದರೆ ಯೂನಿಯನ್ನು ಬಾಕಿ ಸಂಬಳಕ್ಕಾಗಿ ಕೋರ್ಟಿನಲ್ಲಿ ತಕರಾರು ಹಾಕಿತ್ತು. ಆ ತಕರಾರು ವಾಪಸ್ ತೆಗೆದರೆ ಮಾತ್ರ ಕೊಳ್ಳುತ್ತೇವೆ, ಇಲ್ಲದಿದ್ದರೆ ನಮಸ್ಕಾರ ಎಂದು ಫ್ಯಾನಿನವರು ಹೇಳಿಬಿಟ್ಟರು. ಕಾರ್ಯದರ್ಶಿಯ ಕೈಗೆ ಒಂದು ಒಪ್ಪಂದದ ಕರಡನ್ನೂ ಕಳಿಸಿದರು, ಸಭೆಗೆ ಮುಂಚೆ ಯೂನಿಯನ್ನಿನಲ್ಲಿ ಬೇರೆ ಯಾರೂ ಅದನ್ನು ಓದಿರಲಿಲ್ಲ. ಅದರಲ್ಲಿ ಎರಡು ಮುಖ್ಯ ಮಾತು. ಹೊಸದಾಗಿ ಸೇರಿದ ಎಳೆಯ ಕೋ-ಪೈಲಟ್‌ಗಳನ್ನು ಕಂಪನಿ ತೆಗೆದುಕೊಳ್ಳುವುದಿಲ್ಲ. ಕಾರ್ಯದರ್ಶಿ ಸಿಂಚನ ಮೊದಲ ದಿನದಿಂದಲೇ ಕ್ಯಾಪ್ಟನ್.

ಎರಡನೆಯದು ಮೂಗಿಗೆ ತುಪ್ಪ ಸವರಿದ್ದು ಅಂತ ನನಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ಅಕ್ಕನ ಮನೆಗೆ ಹೋಗಿ ಅವಳನ್ನು ಕೂರಿಸಿಕೊಂಡು ಬುದ್ಧಿ ಹೇಳಿದೆ.

"ಲೇ ಸಿಂಚು, ಸುಮ್ನೆ ಸೈನ್ ಹಾಕ್ಬಿಡೆ. ಊರು ಉದ್ಧಾರ ಮಾಡೋ ಗುತ್ತಿಗೆ ನೀನೇನ್ ತಗೊಂಡಿಲ್ಲ."

"ಮಾವ, ಆ ಹುಡುಗ್ರನ್ನ ಯೂನಿಯನ್ನಿಗೆ ಸೇರ್ಸಿದ್ದೇ ನಾನು."

"ಸೇರ್ಸ್ದೆ, ಒಳ್ಳೇದಾಯ್ತು. ಅದಕ್ಕೆ ನಿನ್ ಸೀಟ್ ಬಿಟ್ಕೊಡ್ಬೇಕಾ? ಬಿಟ್ರೆ ಇನ್ನ್ಯಾವಾಗ ಬರುತ್ತೋ ಹೇಳು."

ಅವಳು ಮಾತು ಬದಲಿಸಿದಳು. ಮೀಟಿಂಗಿಗೆ ಹಾಲ್ ಕೊಡ್ತೀಯಾ, ಹೋಟೆಲಿನವರು ಬೆಳ್ಳಕ್ಕಿ ಹೆಸರು ಕೇಳಿದರೆ ಬಾಗಿಲು ಹಾಕ್ತಾರೆ ಎಂದಳು. ಕೊಟ್ಟೆ. ಊಟವೂ ನನ್ನದೇ ಅಂದೆ. ನಮ್ಮ ಹುಡುಗಿ ಕ್ಯಾಪ್ಟನ್ ಆಗುವ ದಿನ ಬಂದವರು ಬರಿ ಕಾಫಿ ಕುಡಿದು ಹೋಗುವುದೇ?

ಭಾನುವಾರ ಬೆಳಗ್ಗೆ ಪೈಲಟ್‌ಗಳು ಬಂದರು. ಎಷ್ಟು ಶಿಸ್ತಿನ ಜನ ಗೊತ್ತೇ? ನಮ್ಮ ಮದುವೆ ಜನ ಕುರ್ಚಿ ಎಳೆದಾಡಿ ಸುತ್ತ ಹಾಕಿಕೊಂಡು ಕೂರುತ್ತಾರೆ. ಇವರು ಹಾಕಿದ ಸಾಲು ಹಾಕಿದ ಹಾಗೆಯೇ ಕೂತರು. ಮುಂದೆ ನರೆಗೂದಲಿನ ಕ್ಯಾಪ್ಟನ್‌ಗಳು, ಹಿಂದೆ ಎಳೆಯರು. ವಧೂವರರ ಸೋಫಾ ಮೇಲೆ ಇಬ್ಬರು, ಯೂನಿಯನ್ ಅಧ್ಯಕ್ಷ ಕ್ಯಾಪ್ಟನ್ ದೇವೇಂದ್ರ ಮತ್ತು ಫ್ಯಾನ್ ಕಂಪನಿಯ ವಕೀಲ ಅಶೋಕ್. ನೋಡಿದರೆ ಆ ಜೋಡಿಗೆ ಜಾತಕ ಕೂಡಿದ ಹಾಗೆ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಮೈಕ್ ಹಿಡಿದು ಸಿಂಚನ ನಿಂತಳು. ಒಪ್ಪಂದವನ್ನು ಒಂದೊಂದೇ ಕಲಮಾಗಿ ಅವಳು ಓದಬೇಕು, ಸಭೆ ಒಪ್ಪಬೇಕು, ಹಾಗೆಂದು ತೀರ್ಮಾನ.

ಇಲ್ಲೇ ಎಡವಟ್ಟಾಗಿದ್ದು. ವಿಮಾನ ಹೊರಡುವ ಮುಂಚೆ ಪೈಲಟ್‌ಗಳಿಗೆ ಒಂದು ಪದ್ಧತಿ ಇದೆ. ಒಬ್ಬರು ಪಟ್ಟಿ ಓದುತ್ತಾರೆ, ಇನ್ನೊಬ್ಬರು ಆ ಸ್ವಿಚ್ಚು ನೋಡಿ 'ಚೆಕ್ಡ್' ಅನ್ನುತ್ತಾರೆ. ದಿನಕ್ಕೆ ಎಷ್ಟೋ ಸಲ, ವರ್ಷಗಟ್ಟಲೆ. ಅದು ಅವರ ನಾಲಿಗೆಗೆ ಅಂಟಿಬಿಟ್ಟಿದೆ. ಸಿಂಚನ ಮೊದಲ ಕಲಮು ಓದಿ ನಿಲ್ಲಿಸಿದಳು. ಸಭೆ ಒಂದೇ ದನಿಯಲ್ಲಿ, "ಚೆಕ್ಡ್". ಎರಡನೆಯದು. "ಚೆಕ್ಡ್". ವಕೀಲನ ಮುಖ ಅರಳಿತು. ಯೂನಿಯನ್ನಿನವರು ಕುರ್ಚಿ ತೂರಾಡುತ್ತಾರೆ ಎಂದು ಹೆದರಿ ಬಂದಿದ್ದ ಪಾಪ, ಇಲ್ಲಿ ಶಾಲೆಯ ಮಗ್ಗಿ ನಡೆಯುತ್ತಿದೆ. ಪ್ರತಿಯೊಂದಕ್ಕೂ 'ಸರ್ವಾನುಮತ' ಎಂದು ಗೀಚಿಕೊಳ್ಳುತ್ತಾ ಹೋದ.

ಸಂಬಳದ ಕಲಮು, ಚೆಕ್ಡ್. ರಜೆಯ ಕಲಮು, ಚೆಕ್ಡ್. ಎಳೆಯ ಕೋ-ಪೈಲಟ್‌ಗಳನ್ನು ತೆಗೆದುಕೊಳ್ಳುವುದಿಲ್ಲ ಎನ್ನುವ ಕಲಮು ಬಂತು. ಚೆಕ್ಡ್. ಹಿಂದಿನ ಸಾಲಿನ ಎಳೆಯರೂ ಅಂದರು. ತಮ್ಮ ಕತ್ತು ಕೊಯ್ಯುವುದಕ್ಕೆ ತಾವೇ ಚೆಕ್ಡ್ ಅಂದ ಜನರನ್ನು ನಾನು ಅವತ್ತೇ ನೋಡಿದ್ದು. ನನಗೆ ಸ್ವಲ್ಪ ಪಾಪ ಅನ್ನಿಸಿತು. ಅನ್ನಿಸಿದರೂ ಸುಮ್ಮನಿದ್ದೆ. ಇನ್ನು ಉಳಿದಿದ್ದು ಬೆರಳೆಣಿಕೆಯ ಕಲಮು, ಅದರಲ್ಲಿ ನಮ್ಮ ಹುಡುಗಿಯದೂ ಒಂದು.

ಅಷ್ಟರಲ್ಲಿ ಚಿಕ್ಕಬೀರಪ್ಪ ಬಂದು ನನ್ನ ಅಂಗಿ ಎಳೆದ. "ಅಣ್ಣ, ಮುದ್ದೆ ಕಟ್ಟಿ ಆಗೋಯ್ತು. ಹಿತಕಿದವರೆ ಸಾರು ಇಳ್ಸಿದೀನಿ. ಇವ್ರು ಈಗ ಏಳ್ಲಿಲ್ಲ ಅಂದ್ರೆ ಮುದ್ದೇಲಿ ಗೋಡೆ ಕಟ್ಬೋದು. ಸಂಜೆ ರಿಸೆಪ್ಷನ್ನವ್ರು ಬೇರೆ ಬರ್ತಾರೆ."

ಮಂಟಪ ನಡೆಸುವವನಿಗೆ ಆರಿದ ಮುದ್ದೆಗಿಂತ ದೊಡ್ಡ ಅವಮಾನ ಇಲ್ಲ. ಇಷ್ಟು ವರ್ಷ ಎಷ್ಟೋ ಮುಹೂರ್ತಗಳ ನಡುವೆ ಹೇಗೆ ಕರೆದಿದ್ದೇನೋ ಹಾಗೆಯೇ, ಎರಡನೇ ಮೈಕ್ ತೆಗೆದುಕೊಂಡು ಕೂಗಿದೆ. "ಎಲೆ ಹಾಕಿದೀವಿ, ಎಲ್ರೂ ದಯವಿಟ್ಟು ಊಟಕ್ಕೆ ಏಳ್ಬೇಕು."

ಇಡೀ ಸಭೆ ಸಿಂಚನಳ ಕಡೆ ನೋಡಿತು. ದೇವೇಂದ್ರ ಕೈಯೆತ್ತಿ, "ಚೆಕ್‌ಲಿಸ್ಟ್ ಮಧ್ಯ ನಿಂತೋಯ್ತು. ಊಟ ಆದ್ಮೇಲೆ ಮೊದಲಿಂದ" ಅಂದರು. ಅದೂ ಅವರ ಪದ್ಧತಿಯೇ ಅಂತೆ. ನಡುವೆ ಯಾರಾದರೂ ಮಾತಾಡಿಸಿದರೆ ಅರ್ಧಕ್ಕೆ ಬಿಟ್ಟಲ್ಲಿಂದ ಶುರು ಮಾಡುವ ಹಾಗಿಲ್ಲ, ಒಂದನೇ ಸಾಲಿನಿಂದ ಓದಬೇಕು. ವಕೀಲ ಅಶೋಕ್ "ಇನ್ನು ನಾಲ್ಕೇ ಇದ್ವಲ್ಲ ಸಾರ್" ಎಂದು ಗೋಗರೆದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ನನ್ನ ಬಾಯಿಗೇ ಬೀಗ ಹಾಕಬೇಕು ಅನ್ನಿಸಿತು.

ಸಭೆಯ ಸಾಲು ಬೇರೆ, ಪಂಕ್ತಿ ಬೇರೆ. ಪಂಕ್ತಿಯಲ್ಲಿ ಎಲೆ ಖಾಲಿ ಕಂಡಲ್ಲಿ ಕೂರುತ್ತಾರೆ. ದೇವೇಂದ್ರರ ಪಕ್ಕದ ಎಲೆಗೆ ಚಂದನ ಬಂದು ಕೂತಳು. ದೊಡ್ಡಬಳ್ಳಾಪುರದ ಹುಡುಗಿ, ಎಳೆಯರಲ್ಲೇ ಎಳೆಯಳು. ಸಾರು ಬಡಿಸುತ್ತಾ ನಾನು ಅಲ್ಲೇ ಇದ್ದೆ.

"ಚೆನ್ನಾಗಿ ತಿನ್ನಮ್ಮ," ಅಂದರು ದೇವೇಂದ್ರ. "ಮುಂದಿನ ತಿಂಗಳು ಡ್ಯೂಟಿ ಶುರುವಾದ್ರೆ ಇಂಥ ಊಟ ಎಲ್ಲಿ ಸಿಗುತ್ತೆ?"

"ನಂಗೆಲ್ಲಿ ಡ್ಯೂಟಿ ಸಾರ್? ನಮ್ಮನ್ನ ತಗೊಳ್ಳಲ್ವಲ್ಲ. ಈಗ ತಾನೆ ನೀವೇ ಚೆಕ್ಡ್ ಅಂದ್ರಿ."

"ನಾನು ಅಂದ್ನಾ?"

"ಹೂಂ ಸಾರ್. ನಾನೂ ಅಂದೆ. ಅಂದ್ಮೇಲೆ ಗೊತ್ತಾಯ್ತು."

ದೇವೇಂದ್ರರ ಕೈಯಲ್ಲಿದ್ದ ಮುದ್ದೆಯ ತುತ್ತು ಕೈಯಲ್ಲೇ ಉಳಿಯಿತು. ಪಕ್ಕದ ಎಲೆಯವರು ಕೇಳಿದರು, ಅದರ ಪಕ್ಕದವರು ಕೇಳಿದರು, ಮಾತು ಸಾರಿನ ಬಕೆಟ್ಟಿನ ಹಿಂದೆಯೇ ಪಂಕ್ತಿ ಪೂರ್ತಿ ಓಡಿತು. ಪಾಯಸಕ್ಕೆ ಬರುವ ಹೊತ್ತಿಗೆ ಯಾರ ಮುಖದಲ್ಲೂ ನಗು ಇರಲಿಲ್ಲ.

ಊಟವಾದ ಮೇಲೆ ಸಿಂಚನ ಮೊದಲಿನಿಂದ ಓದಿದಳು. ಈ ಸಲ ಯಾರೂ ಹಾಡಿನ ಹಾಗೆ ಚೆಕ್ಡ್ ಅನ್ನಲಿಲ್ಲ, ಯೋಚಿಸಿ ಯೋಚಿಸಿ ಅಂದರು. ಎಳೆಯರ ಕಲಮು ಬಂತು. ದೇವೇಂದ್ರ ಎದ್ದು, "ಇದು ಆಗಲ್ಲ" ಅಂದರು.

ವಕೀಲನೂ ಎದ್ದ. ಎಲ್ಲರನ್ನೂ ಸಾಕಲು ಕಂಪನಿಗೆ ಆಗುವುದಿಲ್ಲ, ಹಟ ಮಾಡಿದರೆ ವ್ಯಾಪಾರವೇ ಮುರಿಯುತ್ತದೆ, ಬೆಳ್ಳಕ್ಕಿಯನ್ನು ಗುಜರಿಗೆ ಹಾಕುತ್ತಾರೆ, ಆಮೇಲೆ ಯಾರಿಗೂ ಕೆಲಸವಿಲ್ಲ ಎಂದ. ಅವನದೂ ಸುಳ್ಳಲ್ಲ. ಬಹಳ ಹೊತ್ತು ಜಗ್ಗಾಟ ನಡೆಯಿತು. ಕಡೆಗೆ ದೇವೇಂದ್ರ ಒಂದು ದಾರಿ ಹೇಳಿದರು. ಕ್ಯಾಪ್ಟನ್‌ಗಳು ಕಡಿಮೆ ಹಾರುತ್ತೇವೆ, ಕಡಿಮೆ ಸಂಬಳ ತೆಗೆದುಕೊಳ್ಳುತ್ತೇವೆ. ಎಳೆಯರೆಲ್ಲ ಒಳಗೆ ಬರಲಿ. ಕಂಪನಿ ಚೇತರಿಸಿಕೊಳ್ಳುವವರೆಗೂ ಹೊಸ ಕ್ಯಾಪ್ಟನ್‌ಗಳನ್ನು ಮಾಡುವುದು ಬೇಡ.

ಹೊಸ ಕ್ಯಾಪ್ಟನ್ ಎಂದು ಆ ಹಾಲಿನಲ್ಲಿ ಇದ್ದಿದ್ದು ಒಬ್ಬಳೇ. ಎಲ್ಲರೂ ನೆಲ ನೋಡಿದರು. ನಾನು ಬಾಗಿಲ ಹತ್ತಿರ ನಿಂತು ಬೇಡ ಬೇಡ ಎಂದು ತಲೆ ಅಲ್ಲಾಡಿಸಿದೆ. ಸಿಂಚನ ನನ್ನ ಕಡೆ ನೋಡಲೇ ಇಲ್ಲ. ವಕೀಲನ ಪೆನ್ನು ತೆಗೆದುಕೊಂಡು ತನ್ನ ಕಲಮಿನ ಮೇಲೆ ಗೀಟು ಎಳೆದಳು.

ವಕೀಲ ಕೊಯಮತ್ತೂರಿಗೆ ಫೋನು ಹಚ್ಚಿ ಹೊರಗೆ ಹೋದ. ಚಿಕ್ಕಬೀರಪ್ಪ ಅಷ್ಟೂ ಪಾತ್ರೆ ತೊಳೆದು ಮುಗಿಸಿದ ಮೇಲೆಯೇ ವಕೀಲ ಮತ್ತೆ ಒಳಗೆ ಬಂದಿದ್ದು. ಖರ್ಚು ಅಷ್ಟೇ ಬೀಳುವುದಾದರೆ ಫ್ಯಾನಿನ ಸಾಹುಕಾರರಿಗೆ ಅಡ್ಡಿಯಿಲ್ಲವಂತೆ. ಪೈಲಟ್‌ಗಳಿಲ್ಲದ ವಿಮಾನವನ್ನು ಕೊಂಡು ಅವರಾದರೂ ಏನು ಮಾಡುತ್ತಾರೆ, ಶೋಕೇಸಿನಲ್ಲಿ ಇಡುತ್ತಾರೆಯೇ? ಯೂನಿಯನ್ನು ತಕರಾರು ವಾಪಸ್ ತೆಗೆಯಿತು. ಎಳೆಯರು ಸಿಂಚನಳನ್ನು ಎತ್ತಿ ಕುಣಿದರು. ಚಂದನ ಜೋರಾಗಿ ಅತ್ತಳು. ನಾನು ಕುರ್ಚಿ ಜೋಡಿಸುತ್ತಿದ್ದೆ. ನನಗೆ ಕೋಪ ನೆತ್ತಿಗೇರಿತ್ತು.

ಎಲ್ಲರೂ ಹೋದ ಮೇಲೆ ನೋಡಿದರೆ ಸಿಂಚನ ಅಡುಗೆಮನೆಯಲ್ಲಿ, ಅಕ್ಕಿ ಮೂಟೆಯ ಮೇಲೆ ಕೂತಿದ್ದಾಳೆ. ಬಯ್ಯಬೇಕು ಅಂತಲೇ ಒಳಗೆ ಹೋದೆ. ಅವಳ ಕಣ್ಣು ಊದಿಕೊಂಡಿತ್ತು.

"ಈಗ ಅಳು," ಅಂದೆ. "ದೊಡ್ಡ ತ್ಯಾಗಿ. ಊರಿಗೆಲ್ಲ ಕೆಲಸ ಕೊಡ್ಸಿ ಇಲ್ಲಿ ಬಂದು ಕೂತಿದೀಯ."

"ಬಯ್ಬೇಡ ಮಾವ. ನಂಗೆ ಬೇಕಿತ್ತು. ತುಂಬಾ ಬೇಕಿತ್ತು."

"ಮತ್ತೆ ಯಾಕೆ ಗೀಟ್ ಹಾಕ್ದೆ?"

ಅವಳು ಸೆರಗಿಲ್ಲದ ಹುಡುಗಿ, ಅಂಗಿಯ ತೋಳಿನಿಂದಲೇ ಮೂಗು ಒರೆಸಿಕೊಂಡಳು. "ಬೆಳಗ್ಗೆ ಆ ಹುಡುಗ್ರ ಕಲಮು ನಾನು ಬೇಕೂಂತ್ಲೇ ಬೇಗ ಓದ್ದೆ ಮಾವ. ಯಾರ್ಗೂ ಗೊತ್ತಾಗ್ದೇ ಇರ್ಲಿ ಅಂತ. ಅವ್ರು ಚೆಕ್ಡ್ ಅಂದಾಗ ನಂಗೆ ಖುಷಿ ಆಯ್ತು. ನೀನು ಊಟಕ್ಕೆ ಕರೀದೇ ಇದ್ದಿದ್ರೆ ಕೊನೇ ತನಕ ಓದ್ಬಿಡ್ತಿದ್ದೆ."

ಇದು ಥ್ಯಾಂಕ್ಸೋ ಬೈಗುಳವೋ ನನಗೆ ತಿಳಿಯಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದವನು ನಾನೂ ಅಲ್ಲವೇ, ಆ ಎಳೆಯರು ಚೆಕ್ಡ್ ಅಂದಾಗ? ಪಕ್ಕದ ಮೂಟೆಯ ಮೇಲೆ ಕೂತು ಅವಳ ತಲೆ ಸವರಿದೆ. ಹೊರಗೆ ರಿಸೆಪ್ಷನ್ನಿನವರ ಹೂವಿನ ಗಾಡಿ ಬಂದು ಹಾರ್ನ್ ಹೊಡೆಯುತ್ತಿತ್ತು. ಹೊಡೆಯಲಿ ಎಂದು ನಾವಿಬ್ಬರೂ ಅಲ್ಲೇ ಕೂತೆವು.