ಎರಡನೇ ಸೀಸೆ

ಮೂವತ್ತೆರಡು ವರ್ಷದಿಂದ ತಾರ್ನುಫ್ ಪಟ್ಟಣದ ತಲೆಗಳೆಲ್ಲ ಪಳಗಿದ್ದು ನನ್ನ ಕೈಯಲ್ಲಿ. ಯದ್ವಿಗಾ ಕೂದಲು ಕೆಡಿಸಿದಳು ಎಂದು ಯಾರಾದರೂ ಅಂದರೆ ಸುಮ್ಮನೆ ಬಿಡುವವಳಲ್ಲ ನಾನು. ಅಂಥ ನಾನೇ ಈ ಜನವರಿಯಲ್ಲಿ ಎಡವಟ್ಟು ಮಾಡಿಕೊಂಡೆ.

ಕೊನೆಯ ಪರೀಕ್ಷೆಗೆ ನೂರು ದಿನ ಉಳಿದಾಗ ಶಾಲೆಯಲ್ಲಿ ನೃತ್ಯಕೂಟ ಇಡುತ್ತಾರೆ. ಕಾಲಿನಾ ಅದಕ್ಕೆಂದೇ ಬಂದಳು. ಸೊಂಟ ಮುಟ್ಟುವ ನೇರ ಕೂದಲು, ಒಮ್ಮೆಯೂ ಬಣ್ಣ ಕಂಡದ್ದಲ್ಲ.

"ಆಂಟಿ, ಗುಂಗುರು ಮಾಡ್ಕೊಡಿ" ಎಂದಳು.

ಒದ್ದೆ ಮಾಡಿ ಉರುಳೆಗೆ ಸುತ್ತಿದ್ದರೆ ಸಾಕಿತ್ತು. ನಾನೋ ಮಹಾ ಜಾಣೆ! "ಎರಡು ಸುತ್ತು ಕುಣಿಯೋಷ್ಟ್ರಲ್ಲಿ ಇಳಿದುಬಿಡುತ್ತೆ ಕಣೇ. ಔಷಧಿ ಹಾಕಿ ಪರ್ಮ್ ಮಾಡ್ತೀನಿ, ಆರು ತಿಂಗ್ಳು ಅಲ್ಲಾಡಲ್ಲ" ಎಂದು ಒಪ್ಪಿಸಿದೆ. ಅವತ್ತು ನನಗೆ ಮೂಗು ಕಟ್ಟಿದ ನೆಗಡಿ, ಹೊರಗೆ ಇನ್ನೂ ಆರು ಹುಡುಗಿಯರ ಗಲಾಟೆ. ಮೂರು ದಿನ ತಲೆ ತೊಳೆಯಬೇಡ ಎಂದು ಹೇಳಿ ಕಳಿಸಿದೆ.

ಸೋಮವಾರ ಅವಳ ತಾಯಿ ದನುತಾ ನುಗ್ಗಿದಳು. ಒಂದು ಕೈಯಲ್ಲಿ ಕಾಲಿನಾ, ಇನ್ನೊಂದರಲ್ಲಿ ಕಿರಿಯವಳು ಹಾನ್ಯಾ.

"ಏನ್ರೀ ಯದ್ವಿಗಾ, ನಿಮ್ಗೆ ಒಂದ್ಮಾತು ಕೇಳೋಕೆ ಬಾಯಿರ್ಲಿಲ್ವಾ? ಈ ಮಗು ಗತಿ ಏನೀಗ?"

"ಯಾಕ್ರೀ, ಏನಾಯ್ತು?"

ಅತ್ತುಕೊಂಡೇ ಹೇಳಿದಳು. ಕಾಯಿಲೆಯ ಔಷಧಿಗೆ ಒಂಬತ್ತು ವರ್ಷದ ಹಾನ್ಯಾಳ ಕೂದಲೆಲ್ಲ ಉದುರಿದೆ. ಮೇ ತಿಂಗಳಲ್ಲಿ ಚರ್ಚಿನಲ್ಲಿ ಅವಳ ಮೊದಲ ಪ್ರಸಾದ. ಹೆಣ್ಣುಮಕ್ಕಳೆಲ್ಲ ಬಿಳಿ ಉಡುಪು ತೊಟ್ಟು, ತಲೆಗೆ ಹೂವಿನ ಕಿರೀಟ ಇಟ್ಟು ನಿಲ್ಲುವ ದಿನ. ಅಕ್ಕನ ಕೂದಲಿನ ವಿಗ್ ಆದರೆ ಬರುತ್ತೇನೆ, ಇಲ್ಲದಿದ್ದರೆ ಮನೆ ಬಿಟ್ಟು ಕದಲುವುದಿಲ್ಲ ಎಂದು ಇವಳ ಹಟ. ಬೆಳಿಗ್ಗೆ ವಿಗ್ ಮಾಡುವ ತೆಕ್ಲಾ ಗುಂಗುರು ನೋಡಿದವಳೇ, ಪರ್ಮ್ ಮಾಡಿದ ಕೂದಲು ಮುಟ್ಟುವುದಿಲ್ಲ ಎಂದು ವಾಪಸ್ ಕಳಿಸಿದ್ದಾಳೆ.

"ಗುಂಗುರಾದ್ರೆ ಹಾನ್ಯಾಗೆ ಇನ್ನೂ ಚೆನ್ನಾಗಿರುತ್ತೆ ಅಂದ್ಕೊಂಡೆ" ಎಂದಳು ಕಾಲಿನಾ.

ತೆಕ್ಲಾ ಹೇಳಿದ್ದು ಸರಿ. ಕೂದಲಿನ ಒಳಗೆ ಗಂಧಕದ ಕೊಂಡಿಗಳಿವೆ, ಅದರ ಆಕಾರ ನಿಂತಿರುವುದು ಅವುಗಳ ಮೇಲೆ. ಪರ್ಮಿನ ಒಂದನೇ ಸೀಸೆ ಅವನ್ನು ಕಳಚುತ್ತದೆ, ಎರಡನೆಯದು ಉರುಳೆಗೆ ಸುತ್ತಿದ ಆಕಾರದಲ್ಲೇ ಮತ್ತೆ ಜೋಡಿಸುತ್ತದೆ. ಎಲ್ಲ ಕೊಂಡಿಯೂ ಮರಳಿ ಕೂಡುವುದಿಲ್ಲ, ಕೂದಲು ಸೊರಗುತ್ತದೆ. ಇದನ್ನು ತಿಳಿದೂ ನಾನು ಎಳೆಯ ಹುಡುಗಿಗೆ ಪರ್ಮ್ ಮಾಡಿದ್ದೆ. ಅಯ್ಯೋ, ನನ್ನ ಬುದ್ಧಿಗಿಷ್ಟು!

"ಕೊಳೆತ ಮೊಟ್ಟೆ ವಾಸ್ನೆ ಬರುತ್ತೆ ಅಂತ ಫ್ರೆಂಡ್ಸ್ ಹೆದರ್ಸಿದ್ರು ಆಂಟಿ" ಎಂದು ಕಾಲಿನಾ ಮೂಗು ಒರೆಸಿಕೊಂಡಳು. "ನಂಗೇನೂ ಬರ್ಲೇ ಇಲ್ಲ."

"ಬರ್ಲಿಲ್ವಾ? ಸರಿಯಾಗಿ ಹೇಳೇ!"

"ಇಲ್ಲ ಆಂಟಿ, ಒಂಚೂರೂ ಇಲ್ಲ."

ಆ ನಾತ ಒಂದನೇ ಸೀಸೆಯದು, ಮೂಗು ಕಟ್ಟಿದ್ದ ನನಗೆ ಅದು ಇಲ್ಲದ್ದು ಗೊತ್ತೇ ಆಗಿರಲಿಲ್ಲ. ಕಪಾಟಿಗೆ ಓಡಿದೆ. ಒಂದನೇ ನಂಬರಿನ ಎರಡು ಸೀಸೆಗಳು ಮುಚ್ಚಳವನ್ನೂ ತೆಗೆಯದೆ ನಿಂತಿದ್ದವು. ಎರಡನೇ ನಂಬರಿನವು ಎರಡೂ ಖಾಲಿಯಾಗಿ ಕಸದ ಬುಟ್ಟಿಯಲ್ಲಿದ್ದವು. ಎರಡು ಸಲವೂ ನಾನು ಹಾಕಿದ್ದು ಎರಡನೇ ಸೀಸೆಯನ್ನೇ! ಕೊಂಡಿ ಕಳಚಿಯೇ ಇರಲಿಲ್ಲ. ಒದ್ದೆ ಕೂದಲು ಉರುಳೆಯಲ್ಲಿ ಒಣಗಿ ಸುರುಳಿಯಾಗಿತ್ತು, ಅಷ್ಟೇ. ಅಂಥ ಸುರುಳಿ ನೀರು ತಾಗಿದರೆ ಬಿಚ್ಚಿಕೊಳ್ಳುತ್ತದೆ.

"ಕೂತ್ಕೊಳೇ ಇಲ್ಲಿ!" ಎಂದು ಕಾಲಿನಾಳ ತಲೆಯನ್ನು ತೊಟ್ಟಿಗೆ ಬಗ್ಗಿಸಿದೆ. ತೊಳೆದು ಒಣಗಿಸಿದರೆ ಒಂದು ಸುರುಳಿಯೂ ಇಲ್ಲ, ಮೊದಲಿನಂತೆ ನೇರ. ಹೋದ ಜೀವ ಬಂದಂತಾಯಿತು.

ತೆಕ್ಲಾಗೆ ಫೋನ್ ಮಾಡಿದೆ. "ನೀರಿಗೆ ಪೂರ್ತಿ ಇಳೀತಾ? ಹಾಗಾದ್ರೆ ಕತ್ತರ್ಸಿ ಕಳ್ಸು, ಮಾಡ್ಕೊಡ್ತೀನಿ" ಎಂದಳು.

ದನುತಾ ಅಳುತ್ತಲೇ ನಕ್ಕಳು. "ಮೂವತ್ತೆರಡು ವರ್ಷದ ಕೈಯಂತೆ! ಸೀಸೆ ಮೇಲಿನ ನಂಬರ್ ಓದೋಕೆ ಬರಲ್ಲ!"

"ಬೈಯಿರಿ, ಇವತ್ತು ಎಷ್ಟು ಬೇಕಾದ್ರೂ ಬೈಯಿರಿ" ಎಂದೆ.

ಜಡೆ ಹೆಣೆದು, ಎರಡೂ ತುದಿ ಬಿಗಿದು, ಕುತ್ತಿಗೆಯ ಹತ್ತಿರ ಕತ್ತರಿಸಿ ಹಾನ್ಯಾಳ ತೊಡೆಯ ಮೇಲಿಟ್ಟೆ. ಅವಳು ಜಡೆಯನ್ನು ನೋಡಲಿಲ್ಲ. ಕನ್ನಡಿಯ ಮುಂದೆ ಬರಿಯ ಕುತ್ತಿಗೆ ಸವರಿಕೊಳ್ಳುತ್ತಿದ್ದ ಅಕ್ಕನನ್ನೇ ನೋಡುತ್ತಿದ್ದಳು.

"ಚಳಿ ಆಗ್ತಿದ್ಯಾ ಅಕ್ಕಾ?"

"ಸ್ವಲ್ಪ."

ಆಸ್ಪತ್ರೆಯಿಂದ ಬಂದ ಮೇಲೆ ಹೆತ್ತ ತಾಯಿಯ ಎದುರಿಗೂ ತೆಗೆಯದ ಉಣ್ಣೆ ಟೋಪಿಯನ್ನು ಹಾನ್ಯಾ ಕಿತ್ತು ತೆಗೆದಳು. ತುದಿಗಾಲಲ್ಲಿ ನಿಂತು ಅದನ್ನು ಅಕ್ಕನ ತಲೆಗೆ ತೊಡಿಸಿದಳು.