ಗುಂಡಿ ಬೀಳಿಸುವ ಕೆಲಸ

ಮೂವತ್ತು ವರ್ಷದಿಂದ ನೆಲ ಮಟ್ಟ ಮಾಡುತ್ತ ಬಂದಿದ್ದ ಆ ಗಾರೆಯವಳನ್ನು ಎಲ್ಲರೂ, ಮಟ್ಟ ನೋಡುವ ಉಪಕರಣದ ಹೆಸರಿಟ್ಟು, ರಸಮಟ್ಟದಕ್ಕ ಎಂದೇ ಕರೆಯುತ್ತಿದ್ದರು. ಅವಳು ಹಾಕಿದ ನೆಲದ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ಕೂತಿರುತ್ತಿತ್ತು. ಅಂಥವಳನ್ನು ಸಂಶೋಧನಾ ಕೇಂದ್ರದವರು ಕರೆಸಿ, ಒಂದು ದೊಡ್ಡ ಹಜಾರದೊಳಗೆ ಚಂದ್ರನ ನೆಲ ಮಾಡಿಕೊಡಬೇಕು ಎಂದರು. ಚಂದ್ರನಿಗೆ ಕಳಿಸುವ ಆರು ಚಕ್ರದ ಗಾಡಿಯನ್ನು ಮೊದಲು ಇಲ್ಲಿ ಓಡಿಸಿ ನೋಡಬೇಕಿತ್ತು.

ಹಜಾರದ ಗೋಡೆಗಳಿಗೆಲ್ಲ ಕಪ್ಪು ಬಣ್ಣ. ಮೂಲೆಯಲ್ಲಿ, ಮೊಣಕಾಲೆತ್ತರಕ್ಕೆ, ಸೂರ್ಯನ ಬದಲಿಗೆ ಒಂದೇ ಒಂದು ದೀಪ. ನೆಲದ ತುಂಬ ಬೂದುಬಣ್ಣದ ಕಲ್ಲಿನ ಪುಡಿ. ನೋಡಲು ಹಿಟ್ಟಿನ ಹಾಗಿದ್ದರೂ ಬೆರಳಲ್ಲಿ ಉಜ್ಜಿದರೆ ಗಾಜಿನಂತೆ ಚುಚ್ಚುತ್ತಿತ್ತು. ಮೂಗು ಬಾಯಿ ಮುಚ್ಚಿಕೊಂಡು, ಕರಣೆ ಹಿಡಿದು, ಅವರು ತೋರಿಸಿದ ಚಂದ್ರನ ಚಿತ್ರದಲ್ಲಿದ್ದಂತೆ ಅವಳು ಒಂದು ವಾರದಲ್ಲಿ ನಲವತ್ತು ಗುಂಡಿ ತೋಡಿದಳು.

ಕೇಂದ್ರದ ಎಂಜಿನಿಯರಮ್ಮ ಒಂದು ಸುತ್ತು ನಡೆದು ಬಂದಳು. "ತುಂಬಾ ಚೆನ್ನಾಗಿದೆ ಅಕ್ಕಾ. ಅದೇ ತೊಂದರೆ. ಒಂದೊಂದೂ ಕೈ ತೊಳೆಯೋ ಬೋಗುಣಿ ಥರ ಇದೆ."

ರಸಮಟ್ಟದಕ್ಕ ಎಲ್ಲ ಕೆಡಿಸಿ ಮತ್ತೆ ತೋಡಿದಳು. ಬೇಕೆಂದೇ ಸೊಟ್ಟ ಮಾಡಿದರೂ ಕೈ ತನ್ನ ಪಾಡಿಗೆ ಅಂಚನ್ನು ಸವರಿಬಿಡುತ್ತಿತ್ತು. ಮನೆಯಲ್ಲಿ ದರ್ಜಿ ಗಂಡ ಹೊಲಿಗೆ ಮೆಷಿನ್‌ನಿಂದ ತಲೆ ಎತ್ತದೆ, "ನಿನಗೆ ಸೊಟ್ಟ ಮಾತೇ ಬರಲ್ಲ, ಸೊಟ್ಟ ಕೆಲಸ ಎಲ್ಲಿಂದ ಬರಬೇಕು" ಎಂದ.

ಅತ್ತೆ ಮಾತ್ರ, "ಅಲ್ಲಿ ಚಂದ್ರನ ಮೇಲೆ ಅದನ್ನೆಲ್ಲ ಯಾರು ತೋಡಿದ್ರಂತೆ, ಕೇಳಿದ್ಯಾ?" ಎಂದರು.

ಮರುದಿನ ಎಂಜಿನಿಯರಮ್ಮನನ್ನು ಕೇಳಿದಳು.

"ಯಾರೂ ತೋಡಿಲ್ಲ ಅಕ್ಕಾ. ಮೇಲಿಂದ ಕಲ್ಲು ಬಿದ್ದು ಆಗಿದ್ದು."

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?"

ಕರಣೆ ಬದಿಗಿಟ್ಟು, ಒಂದು ಕಲ್ಲಿಗೆ ಹುರಿ ಕಟ್ಟಿಕೊಂಡು ಏಣಿ ಹತ್ತಿದಳು. ಕಲ್ಲು ಧೊಪ್ಪೆಂದು ಬಿತ್ತು. ಪುಡಿ ಸುತ್ತಲೂ ಚಿಮ್ಮಿ, ಗುಂಡಿಯ ಅಂಚು ತಾನಾಗಿ ಎದ್ದು ನಿಂತಿತು. ಹುರಿ ಎಳೆದು ಕಲ್ಲನ್ನು ಮೇಲಕ್ಕೆತ್ತಿಕೊಂಡಳು. ಎಂಜಿನಿಯರಮ್ಮ ಕೈಯಲ್ಲಿದ್ದ ಚಿತ್ರವನ್ನೊಮ್ಮೆ, ನೆಲವನ್ನೊಮ್ಮೆ ನೋಡಿ, "ಇನ್ನೊಂದು ಹಾಕಿ" ಎಂದಳು. ಆಮೇಲೆ ಹನ್ನೊಂದು ದಿನ ಅದೇ ಕೆಲಸ. ಅಷ್ಟು ಖುಷಿಯಾಗಿ ಅವಳು ಯಾವ ನೆಲವನ್ನೂ ಮಾಡಿರಲಿಲ್ಲ.

ಪರೀಕ್ಷೆಯ ದಿನ ಗಾಡಿ ಎರಡು ಗುಂಡಿ ದಾಟಿ ಮೂರನೆಯದರಲ್ಲಿ ಹೂತುಹೋಯಿತು. ಚಕ್ರ ಗಿರಗಿರ ತಿರುಗಿತೇ ಹೊರತು ಗಾಡಿ ಅಲುಗಲಿಲ್ಲ. ರಸಮಟ್ಟದಕ್ಕ ಗುಂಡಿಯ ಬಳಿಗೆ ಓಡಿ ಬಂದಳು. "ನನ್ನಿಂದ ಹೀಗಾಯ್ತಲ್ಲ" ಎಂದಳು.

"ನಿಮ್ಮಿಂದಾನೇ, ಪುಣ್ಯಕ್ಕೆ" ಎಂದಳು ಎಂಜಿನಿಯರಮ್ಮ. "ಇಲ್ಲಿ ಸಿಕ್ಕಿಕೊಂಡ್ರೆ ನಾಲ್ಕು ಜನ ಕೈ ಹಾಕಿ ಎತ್ತಬಹುದು. ಅಲ್ಲಿ ಎತ್ತೋರು ಯಾರಿದ್ದಾರೆ?"

ಚಕ್ರದ ಹಲ್ಲುಗಳನ್ನು ಬೆರಳಗಲ ಎತ್ತರಿಸಿದರು. ಇಪ್ಪತ್ತು ದಿನದ ಮೇಲೆ ಅದೇ ಗುಂಡಿಗಿಳಿದ ಗಾಡಿ ಬಸುರಿಯಂತೆ ನಿಧಾನಕ್ಕೆ, ನಿಂತು ನಿಂತು, ಹತ್ತಿ ಬಂತು. ಆವತ್ತು ಮನೆಯವರನ್ನೂ ಒಳಗೆ ಬಿಟ್ಟಿದ್ದರು. ಅತ್ತೆ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡಿದರು. ಕೊನೆಗೆ, "ಒಂದು ನಾನೂ ಹಾಕ್ಲಾ?" ಎಂದು ಕೇಳಿದರು.

ಎಂಜಿನಿಯರಮ್ಮ ನಗುತ್ತ ಅವರ ಮೊಣಕೈ ಹಿಡಿದು ಏಣಿಯ ಎರಡನೇ ಮೆಟ್ಟಿಲು ಹತ್ತಿಸಿದಳು. ನಿಂಬೆಗಾತ್ರದ ಕಲ್ಲು ಬಿತ್ತು, ಅಂಗೈಯಗಲದ ಗುಂಡಿಯಾಯಿತು. ಎಂಜಿನಿಯರಮ್ಮ ಅದರ ಅಳತೆ ತೆಗೆದು ನಕ್ಷೆಯಲ್ಲಿ ಗುರುತು ಹಾಕಿಕೊಂಡಳು. ಗಾಡಿಯನ್ನು ಮತ್ತೆ ಹೊರಡಿಸಿದರು. ಅತ್ತೆ, ಸೊಸೆ, ದರ್ಜಿ ಮೂವರೂ ಗೋಡೆಗೆ ಒರಗಿ ನಿಂತು, ಅದು ಆ ಪುಟ್ಟ ಗುಂಡಿಯನ್ನು ದಾಟುವುದನ್ನು ನೋಡಿದರು.