ಮೀಟರು ಕೆಟ್ಟಿರಲಿಲ್ಲ

ಯಾರ ಮನೆಗೆ ಹೋದರೂ ನನ್ನ ಯಜಮಾನರು ಮೊದಲು ಮನೆಯವರ ಮುಖ ನೋಡುತ್ತಿರಲಿಲ್ಲ, ಸೂರು ನೋಡುತ್ತಿದ್ದರು. ತಂತಿ ಎಲ್ಲಿಂದ ಒಳಗೆ ಬಂತು, ಯಾವ ಮೂಲೆಯಲ್ಲಿ ತಿರುಗಿತು, ಎಲ್ಲಿ ಮುಗಿಯಿತು ಎಂದು ಕಣ್ಣಲ್ಲೇ ಹಿಡಿದುಕೊಂಡು ಹೋಗಿ, ತುದಿ ಮುಟ್ಟಿದ ಮೇಲೆ "ಚೆನ್ನಾಗಿದ್ದೀರಾ?" ಎನ್ನುತ್ತಿದ್ದರು. ರಸ್ತೆಯಲ್ಲೂ ಅದೇ ನಡಿಗೆ. ಕತ್ತು ಮೇಲೆ, ಕಾಲು ಎಲ್ಲೋ. ಎಡವಿ ಎಡವಿ ಚಪ್ಪಲಿಯ ಮೂತಿ ಸವೆದುಹೋಗುತ್ತಿತ್ತು, ಹಿಮ್ಮಡಿ ಮಾತ್ರ ಹೊಸದರ ಹಾಗೆ ಇರುತ್ತಿತ್ತು.

ಮೈಮೇಲೆ ಕಾರ್ಖಾನೆಯ ನೀಲಿ ಕೋಟು. ಸ್ಕ್ರೂಡ್ರೈವರ್ ಚುಚ್ಚಿ ಜೇಬೆಲ್ಲ ತೂತು. ನಾನು ಹೊಲಿದೂ ಹೊಲಿದೂ ಆ ಜೇಬಿನಲ್ಲಿ ಬಟ್ಟೆಗಿಂತ ನೂಲೇ ಹೆಚ್ಚಾಗಿತ್ತು. ಮಾತು ಕಡಿಮೆ. ಇದ್ದ ಮಾತಿನಲ್ಲೂ ಅರ್ಧ, "ತಾಳಪ್ಪ, ಒಂದೊಂದೇ." ಮಕ್ಕಳಿಬ್ಬರೂ ಒಟ್ಟಿಗೆ ಬಾಯಿ ಮಾಡಿದರೆ ತಾಳಪ್ಪ. ನಾನು ಗೊಣಗಿದರೆ ನನಗೂ ತಾಳಪ್ಪ. ಹೆಂಗಸು ಗಂಡಸು ಅಂತ ಭೇದವಿಲ್ಲ. ಕಾರ್ಖಾನೆಯಲ್ಲಿ ಅವರಿಗೆ ಹೆಸರೇ ತಾಳಪ್ಪ ಎಂದಾಗಿಹೋಗಿತ್ತು.

ಅದು ಬಣ್ಣ ತಯಾರಿಸುವ ಕಾರ್ಖಾನೆ. ಅವರ ಕೆಲಸ ನನಗೆ ತಿಳಿದದ್ದು ಇಷ್ಟು. ತೊಟ್ಟಿಗಳ ಮೇಲೆ, ಕೊಳವೆಗಳ ಮೇಲೆ ಮೀಟರುಗಳಿರುತ್ತವೆ. ಎಷ್ಟು ತುಂಬಿತು, ಎಷ್ಟು ಬಿಸಿಯಾಯಿತು ಎಂದು ಹೇಳುವುದಕ್ಕೆ. ಅಷ್ಟಕ್ಕೂ ಸೇರಿ ಒಂದೇ ಜೋಡಿ ತಂತಿ. ಅದರಲ್ಲೇ ಅವಕ್ಕೆ ಕರೆಂಟು, ಅದರಲ್ಲೇ ಅವುಗಳ ಮಾತು. ತಂತಿ ಉದ್ದವಾದಷ್ಟೂ ಕೊನೆಯದಕ್ಕೆ ಕರೆಂಟು ಸೊರಗುತ್ತದಂತೆ. ಅದಕ್ಕೇ ಇವರು ಬೆಳಗ್ಗೆ ಹೋದವರೇ ಮೊದಲು ಕೊನೆಯದನ್ನು ವಿಚಾರಿಸಿಕೊಳ್ಳುತ್ತಿದ್ದರು. ಮೀಟರಿಗೊಂದು ನಂಬರು. ಕಂಪ್ಯೂಟರು ನಂಬರು ಹಿಡಿದು ಕರೆದಾಗ ಆ ನಂಬರಿನದು ಮಾತ್ರ ಉತ್ತರ ಕೊಡಬೇಕು. ಹೊಸವು ಪೆಟ್ಟಿಗೆಯಿಂದ ಬರುವಾಗ ಎಲ್ಲವೂ ಒಂದೇ ನಂಬರು ಹೊತ್ತು ಬರುತ್ತವೆ. ಒಂದನ್ನು ತಂತಿಗೆ ಸೇರಿಸಿ, ಅದಕ್ಕೆ ಅದರ ನಂಬರು ಕೊಟ್ಟು, ಆಮೇಲೆ ಇನ್ನೊಂದನ್ನು ಮುಟ್ಟಬೇಕು. ಒಟ್ಟಿಗೆ ಸೇರಿಸಿದರೆ ಎರಡೂ ಓಗೊಟ್ಟು ಯಾವುದರ ಮಾತೂ ತಿಳಿಯುವುದಿಲ್ಲ.

ಇಂಥ ಮನುಷ್ಯ ಒಂದು ಸಲ ಎರಡನ್ನೂ ಒಟ್ಟಿಗೆ ಸೇರಿಸಿಬಿಟ್ಟರು.

ಕಾರ್ಖಾನೆ ನಿಲ್ಲಿಸಿ ತೊಟ್ಟಿ ತೊಳೆಯುವ ವಾರ. ಅವರಿಗೆ ಮೈಯಲ್ಲಿ ಜ್ವರ. ಎರಡು ಹೊಸ ಮೀಟರು ಕೂರಿಸಿದರು, ಟೀ ಕುಡಿದು ಬಂದು ನಂಬರು ಕೊಡೋಣ ಎಂದುಕೊಂಡು ಹೋಗಿ ಮರೆತರು. ತೊಟ್ಟಿಗೆ ಬಣ್ಣ ಬಿಟ್ಟಾಗ ಎರಡೂ ಒಟ್ಟಿಗೆ ಓಗೊಟ್ಟವು, ಕಂಪ್ಯೂಟರು ಏನೂ ತಿಳಿಯದೆ ಹಳೆಯ ಲೆಕ್ಕವನ್ನೇ ತೋರಿಸುತ್ತಾ ಕೂತಿತು. ಬಿಳಿ ಬಣ್ಣ ಉಕ್ಕಿ ನೆಲದ ತುಂಬ ಹರಿಯಿತು. ಯಾರಿಗೂ ಪೆಟ್ಟಾಗಲಿಲ್ಲ, ಪುಣ್ಯ.

ಮ್ಯಾನೇಜರು ಕೆಟ್ಟವರಲ್ಲ. ಪಕ್ಕಕ್ಕೆ ಕರೆದು, "ಮೀಟರೇ ಕೆಟ್ಟು ಬಂದಿತ್ತು ಅಂದ್ಬಿಡಿ. ವಾಪಸ್ ಕಳಿಸಿದ್ರಾಯ್ತು. ನಿಮ್ಮ ತಪ್ಪು ಅಂತಾದ್ರೆ ನಿಮ್ಮನ್ನ ಮೀಟರ್ ಕೆಲಸದಿಂದ ತೆಗೀಬೇಕಾಗುತ್ತೆ. ನಾಳೆ ಹೇಳಿ," ಎಂದರಂತೆ.

ಸಂಜೆ ನನ್ನ ತಮ್ಮ ಬಂದ. ಅವನೂ ಅಲ್ಲೇ ಎಲೆಕ್ಟ್ರಿಷಿಯನ್. ಬಾಗಿಲಲ್ಲೇ ಶುರುಮಾಡಿದ.

"ಭಾವ, ನಾಳೆ ಬಾಯಿ ಮುಚ್ಕೊಂಡು ಮೀಟರ್ ಕೆಟ್ಟಿತ್ತು ಅನ್ನಿ."

"ಕೆಟ್ಟಿಲ್ವಲ್ಲೋ."

"ಅಯ್ಯೋ, ಅದಕ್ಕೇನು ಮಾನ ಹೋಗುತ್ತಾ? ಮೀಟರಿಗೇನು ಹೆಂಡತಿ ಮಕ್ಕಳಿದ್ದಾರಾ? ನಿಮಗಿದ್ದಾರೆ!"

"ತಾಳಪ್ಪ. ಇವತ್ತು ಚೆನ್ನಾಗಿರೋದನ್ನ ಕೆಟ್ಟದ್ದು ಅಂತೀನಿ. ನಾಳೆ ನಿಜವಾಗ್ಲೂ ಕೆಟ್ಟಾಗ ಹೇಳಿದ್ರೆ ನನ್ನ ಮಾತು ಯಾರು ನಂಬ್ತಾರೆ?"

"ನಾಳೆ ಹೇಳೋಕೆ ನಿಮ್ಮನ್ನ ಅಲ್ಲಿ ಬಿಟ್ಟಿದ್ರೆ ತಾನೇ! ಅಕ್ಕ, ನೀನಾದ್ರೂ ಹೇಳೇ."

ನಾನು ಹೇಳಿದೆ. "ರೀ, ಒಂದು ಮಾತು. ಒಂದೇ ಮಾತು. ಆ ತಂತಿ ಬಿಟ್ಟು ನೀವು ಬದುಕ್ತೀರಾ?"

ಅವರು ನನ್ನ ಮುಖ ನೋಡಿದರು. "ಕಷ್ಟ," ಎಂದರು. ಎದ್ದು ಕೈ ತೊಳೆಯಲು ಹೋದರು.

ಮರುದಿನ ಎಲ್ಲರೆದುರು, ಮೀಟರು ಚೆನ್ನಾಗಿದೆ, ನಂಬರು ಕೊಡದೇ ಇದ್ದವನು ನಾನು ಎಂದರು. ಅವರನ್ನು ಸ್ಟೋರಿಗೆ ಹಾಕಿದರು. ಕೇಳಿದವರಿಗೆ ನಟ್ಟು ಬೋಲ್ಟು ಎತ್ತಿ ಕೊಡುವ ಕೆಲಸ. ಆಮೇಲೆ ಕೋಟು ಕೊಳೆಯಾಗಲಿಲ್ಲ. ಒಗೆಯುವ ಕಲ್ಲಿನ ಮೇಲೆ ಅದನ್ನು ಹರಡಿ ಏನು ಉಜ್ಜಬೇಕೆಂದು ತಿಳಿಯದೆ ನಿಲ್ಲುತ್ತಿದ್ದೆ. ಇವರು ಹೊತ್ತಿಗೆ ಸರಿಯಾಗಿ ಮನೆಗೆ ಬಂದು ಗೋಡೆಗೆ ಒರಗಿ ಕೂರುವರು. ನನಗೆ ಸಿಟ್ಟು. ಎಷ್ಟೋ ದಿನ ತಟ್ಟೆ ಕುಕ್ಕಿ ಬಡಿಸಿದೆ. ಅವರು ಉಂಡು ಎದ್ದರು. ಹೀಗೇ ವರ್ಷಗಳು ಹೋದವು.

ಆಮೇಲೆ ಕಾಯಿಲೆ ಬಂತು. ಆಸ್ಪತ್ರೆಯಲ್ಲಿ ಡಾಕ್ಟರು "ನೋಡೋಣಮ್ಮ" ಎಂದರು. ನರ್ಸು "ಧೈರ್ಯವಾಗಿರಿ" ಎಂದಳು. ತಮ್ಮ, "ಭಾವ ಎದ್ದು ಓಡಾಡ್ತಾರೆ, ನೋಡ್ತಿರಕ್ಕ," ಎಂದ. ಅವನ ಕಣ್ಣು ಬೇರೆ ಕಡೆ ಇತ್ತು. ಇನ್ನೊಬ್ಬ ಡಾಕ್ಟರಿದ್ದಾರೆ, ಅವರನ್ನು ಹೋಗಿ ಕೇಳಿ ಎಂದು ಯಾರೋ ಅಂದರು, ನಾನು ಹೊರಟು ನಿಂತೆ. ಹೋಗುವ ಮುಂಚೆ ಮಂಚದ ಹತ್ತಿರ ಬಗ್ಗಿ ಕೇಳಿದೆ.

"ರೀ, ನೀವೇ ಹೇಳಿ. ಮನೆಗೆ ಬರ್ತೀರಾ?"

"ಇಲ್ಲ ಕಣೇ. ಕೂತ್ಕೋ."

ಕೂತೆ. ಮತ್ತೆ ಎಲ್ಲಿಗೂ ಓಡಲಿಲ್ಲ. ಅವರು ಇದ್ದಷ್ಟು ದಿನ ಅವರ ಕೈ ಹಿಡಿದುಕೊಂಡು ಅಲ್ಲೇ ಇದ್ದೆ.

ಇಂಥವರ ಜೊತೆ ಬಾಳುವವರಿಗೆ ಸುಸ್ತು ತಪ್ಪಿದ್ದಲ್ಲ. ಒಂದು ಸುಳ್ಳಿನಲ್ಲಿ ಮುಗಿಯುವುದನ್ನು ಅವರು ವರ್ಷಗಟ್ಟಲೆ ಹೊರುತ್ತಾರೆ, ಮನೆಯವರ ಕೈಲೂ ಹೊರಿಸುತ್ತಾರೆ. ಹೆಂಡತಿಗೆ ಸಮಾಧಾನ ಹೇಳುವುದು ಕೂಡ ಅವರಿಗೆ ಬರುವುದಿಲ್ಲ. ಆದರೆ ಅವರು ಹೇಳಿದ್ದನ್ನು ಇನ್ನೊಬ್ಬರ ಹತ್ತಿರ ವಿಚಾರಿಸಬೇಕಾಗಿಲ್ಲ. ಈಗ ಬಂದವರೆಲ್ಲ ದಿನ ಕಳೆದ ಹಾಗೆ ದುಃಖ ಕಡಿಮೆಯಾಗುತ್ತದೆ ಎನ್ನುತ್ತಾರೆ. ಹೌದಾ ಎಂದು ನನ್ನ ಯಜಮಾನರನ್ನು ಕೇಳೋಣವೆಂದರೆ ಅವರಿಲ್ಲ.